ಜಾರ್ಜ್ ಮ್ಯಾಥೆಸನ್ (1842–1906): ದೃಷ್ಟಿಯಿಲ್ಲದ ಸಭಾಪಾಲಕ

ಗ್ಲಾಸ್ಗೋದಲ್ಲಿ ಹುಟ್ಟಿದ ಮ್ಯಾಥೆಸನ್ನರಿಗೆ ಎಳವೆಯಿಂದಲೇ ಕಣ್ಣು ಮಂದ. ಇಪ್ಪತ್ತು ತುಂಬುವ ಹೊತ್ತಿಗೆ ದೃಷ್ಟಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಓದು ಮಾತ್ರ ನಿಲ್ಲಲಿಲ್ಲ. ಸೋದರಿಯರು ಅವರಿಗೆ ಓದಿ ಹೇಳಿದರು, ಅದಕ್ಕಾಗಿಯೇ ಗ್ರೀಕ್, ಹೀಬ್ರೂ ಕಲಿತರು. ಆ ಸೋದರಿಯರನ್ನು ಮರೆತು ಇವರನ್ನು ನೆನೆಯುವುದು ಅನ್ಯಾಯ.

1868ರಲ್ಲಿ ಸ್ಕಾಟ್ಲೆಂಡಿನ ಕ್ಲೈಡ್ ಅಳಿವೆಯ ದಡದ ಇನೆಲನ್ ಊರಿಗೆ ಸಭಾಪಾಲಕರಾಗಿ ಬಂದರು; 18 ವರ್ಷ ಅಲ್ಲೇ ಇದ್ದರು. ಭಾನುವಾರದ ಪ್ರಸಂಗ, ಬೈಬಲ್ ಪಾಠ, ಕೀರ್ತನೆಯ ಸಾಲುಗಳು ಎಲ್ಲವೂ ಬಾಯಿಪಾಠ. ಎಲ್ಲಿಯೂ ತಡವರಿಸದ ಆ ಮಾತು ಕೇಳಿದ ಎಷ್ಟೋ ಹೊಸಬರಿಗೆ ಅವರು ಅಂಧರೆಂದೇ ತಿಳಿಯುತ್ತಿರಲಿಲ್ಲ.

1882ರ ಜೂನ್ 6ರ ಸಂಜೆ. ಸೋದರಿಯ ಮದುವೆಯ ದಿನ, ಮನೆಯಲ್ಲಿ ಅವರೊಬ್ಬರೇ. ತಮಗಷ್ಟೇ ಗೊತ್ತಿದ್ದ ಯಾತನೆಯೊಂದರ ನಡುವೆ, ಕೈಬಿಡದ ದೈವಪ್ರೀತಿಯನ್ನು ಕುರಿತ ಕೀರ್ತನೆ ಮೂಡಿತು. ಬರೆಯಲು ಹಿಡಿದದ್ದು ಐದೇ ನಿಮಿಷ ಎಂದು ಅವರೇ ಹೇಳಿಕೊಂಡಿದ್ದಾರೆ. ಪ್ರೇಮಭಂಗವೇ ಕಾರಣವೆಂಬ ಕಥೆ ಪ್ರಚಾರದಲ್ಲಿದೆ. ಆದರೆ ಅವರು ಕಾರಣ ಹೇಳಲಿಲ್ಲ. ಆ ಮೌನವನ್ನು ನಾವೂ ಗೌರವಿಸಬೇಕು.

1886ರಿಂದ 1899ರವರೆಗೆ ಎಡಿನ್‌ಬರೋದ ಸೇಂಟ್ ಬರ್ನಾರ್ಡ್ಸ್ ಸಭೆಯಲ್ಲಿ ಸೇವೆ ಸಲ್ಲಿಸಿದರು. ಅವರ ಸಮಾಧಿ ಗ್ಲಾಸ್ಗೋದ ನೆಕ್ರೊಪೊಲಿಸ್ ಸ್ಮಶಾನದಲ್ಲಿದೆ.