ಸುಟ್ಟ ಊರಿನ ಸಾಕ್ಷಿ

ಇತಿಹಾಸಕ್ಕೆ ಆಧಾರಗಳು ಯಾವುವು ಎಂದು ಕೇಳಿದರೆ ಶಾಲೆಯ ಹುಡುಗರು ಶಾಸನ, ನಾಣ್ಯ, ತಾಳೆಯೋಲೆ, ಪ್ರವಾಸಿಗಳ ಬರಹ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಛಾಯಾಚಿತ್ರವೂ ಒಂದು ಆಧಾರವೆಂಬುದು ಅವರಿಗೆ ಥಟ್ಟನೆ ಹೊಳೆಯುವುದಿಲ್ಲ. ಹೊಳೆದರೂ ಅದನ್ನು ಪರೀಕ್ಷಿಸಬೇಕೆಂದು ದೊಡ್ಡವರಿಗೂ ತೋರುವುದಿಲ್ಲ. ಶಾಸನ ಬರೆದವನು ತನ್ನ ಒಡೆಯನನ್ನು ಹೊಗಳಿರಬಹುದು; ಪ್ರವಾಸಿಯು ಕೇಳಿದ್ದನ್ನೇ ಕಂಡೆನೆಂದು ಬರೆದಿರಬಹುದು; ಕ್ಯಾಮರಾ ಮಾತ್ರ ಯಂತ್ರವಾದುದರಿಂದ ಕಂಡದ್ದನ್ನು ಕಂಡಂತೆಯೇ ಹೇಳುತ್ತದೆ ಎಂದು ನಮ್ಮ ನಂಬಿಕೆ. ಈ ನಂಬಿಕೆ ಎಷ್ಟರ ಮಟ್ಟಿಗೆ ನಿಲ್ಲುವಂಥದು? ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ನಗರದ ಬೀದಿಗಳನ್ನು ಸೆರೆಹಿಡಿದ ಒಬ್ಬ ಹವ್ಯಾಸಿಯ ಕಥೆ ಈ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುತ್ತದೆ.

ಈತನ ಹೆಸರು ಆರ್ನಾಲ್ಡ್ ಗೆಂಟೆ. ಹುಟ್ಟಿದ್ದು 1869ರಲ್ಲಿ, ಜರ್ಮನಿಯ ಬರ್ಲಿನ್ ನಗರದಲ್ಲಿ. ವಿದ್ವಾಂಸರ ಮನೆತನ, ತಂದೆ ಲ್ಯಾಟಿನ್ ಮತ್ತು ಗ್ರೀಕ್ ಕಲಿಸುತ್ತಿದ್ದ ಅಧ್ಯಾಪಕ. ಮಗನೂ ಅದೇ ದಾರಿ ಹಿಡಿದು, 1894ರಲ್ಲಿ ಯೇನಾ ವಿಶ್ವವಿದ್ಯಾನಿಲಯದಿಂದ ಭಾಷಾಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದನು. ಅದಕ್ಕೆ ಎರಡು ವರ್ಷ ಮೊದಲೇ, ಜರ್ಮನ್ ಜನರ ಬೀದಿಮಾತಿನ ಶಬ್ದಗಳನ್ನು ಕೂಡಿಸಿ ಒಂದು ಸಣ್ಣ ಕೋಶವನ್ನು ಹೊರತಂದಿದ್ದನು. ಗ್ರಂಥಸ್ಥ ಭಾಷೆಯಲ್ಲಿ ಪಳಗಿದವನು ಬೀದಿಯ ಮಾತಿಗೆ ಕಿವಿಗೊಟ್ಟದ್ದು ಗಮನಿಸತಕ್ಕ ಸಂಗತಿ. ಮುಂದೆ ಬೀದಿಯ ಕಡೆಗೇ ಕಣ್ಣನ್ನೂ ತಿರುಗಿಸಿದನು. 1895ರಲ್ಲಿ ಒಬ್ಬ ಜರ್ಮನ್ ಶ್ರೀಮಂತನ ಮಗನಿಗೆ ಮನೆಪಾಠ ಹೇಳುವ ಕೆಲಸ ಒಪ್ಪಿಕೊಂಡು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದನು. ಆಗ ಅವನಿಗೆ ಛಾಯಾಗ್ರಹಣದ ಗಂಧವೂ ಇರಲಿಲ್ಲ.

ಆ ನಗರದ ನಡುವೆಯೇ ಚೀನಾಟೌನ್ ಎಂಬ ಚೀನೀಯರ ಕೇರಿಯಿತ್ತು. ಹೊಸಬರು ಜೊತೆಗೆ ದಾರಿತೋರುಗನಿಲ್ಲದೆ ಅಲ್ಲಿಗೆ ಹೋಗತಕ್ಕದ್ದಲ್ಲ ಎಂದು ಪ್ರವಾಸಿ ಕೈಪಿಡಿ ಎಚ್ಚರಿಸಿತ್ತು. ಬೇಡವೆಂದ ಕಡೆಗೇ ಕಾಲು ಎಳೆಯುವುದು ಮನುಷ್ಯಸ್ವಭಾವ. ಪಾಠ ಮುಗಿದ ಹೊತ್ತಿನಲ್ಲಿ ಗೆಂಟೆ ಅಲ್ಲಿ ಅಲೆಯತೊಡಗಿದನು. ಕಂಡದ್ದನ್ನು ಮೊದಲು ಪೆನ್ಸಿಲಿನಿಂದ ಬರೆಯಲು ನೋಡಿದನು. ಕಾಗದ ತೆಗೆದೊಡನೆ ಜನ ಬಾಗಿಲುಗಳ ಹಿಂದೆ ಮರೆಯಾಗುತ್ತಿದ್ದರು. ಆಗ ಕೈಯಲ್ಲಿ ಬಚ್ಚಿಟ್ಟುಕೊಳ್ಳಬಹುದಾದ ಒಂದು ಸಣ್ಣ ಕ್ಯಾಮರಾ ಕೊಂಡು, ಮೂಲೆಗಳಲ್ಲಿ ಗಂಟೆಗಟ್ಟಲೆ ನಿಂತು, ಯಾರಿಗೂ ತಿಳಿಯದಂತೆ ಚಿತ್ರ ತೆಗೆಯುವುದನ್ನು ತಾನೇ ಕಲಿತನು. ಕೆಲವು ವರ್ಷಗಳಲ್ಲಿ ಹವ್ಯಾಸವೇ ಜೀವನೋಪಾಯವಾಯಿತು. ಗಣ್ಯರ ಭಾವಚಿತ್ರ ತೆಗೆಯುವ ಸ್ಟುಡಿಯೊ ಒಂದನ್ನು ಇಟ್ಟನು. ಆದರೂ ಚೀನೀ ಕೇರಿಯ ಚಿತ್ರಗಳನ್ನು ತೆಗೆಯುವುದನ್ನು ಬಿಡಲಿಲ್ಲ. ಅದು ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ, ತನ್ನ ಸಂತೋಷಕ್ಕಾಗಿ ಮಾಡಿದ್ದು.

ಆ ಜನ ಕ್ಯಾಮರಾಕ್ಕೆ ಹೆದರುತ್ತಿದ್ದುದೇಕೆ? ಅದು ಅವರ ಮೂಢನಂಬಿಕೆ ಎಂದು ಆ ಕಾಲದ ಬಿಳಿಯರು ಸುಲಭವಾಗಿ ತೀರ್ಮಾನಿಸಿದ್ದರು. ಕಾನೂನಿನ ಪುಸ್ತಕ ತೆರೆದು ನೋಡಿದರೆ ಬೇರೆ ಕಾರಣವೂ ತೋರುತ್ತದೆ. ಚೀನೀಯರು ಚಿನ್ನದ ಗಣಿಗಳಲ್ಲಿ ದುಡಿಯಲು ಬಂದವರು. ಬೆಟ್ಟಗಳನ್ನು ಕಡಿದು, 1869ರಲ್ಲಿ ಮುಗಿದ ಖಂಡಾಂತರ ರೈಲುದಾರಿಯನ್ನು ಹಾಸಿದವರು. ಕೆಲಸ ಮುಗಿದ ಮೇಲೆ ಅವರು ಬೇಡವಾದರು. 1882ರ ಶಾಸನವು ಚೀನೀ ಕೂಲಿಕಾರರ ಪ್ರವೇಶವನ್ನು ತಡೆಯಿತು, ಅಲ್ಲಿದ್ದವರಿಗೆ ಪೌರತ್ವವಿಲ್ಲವೆಂದಿತು. 1892ರ ಶಾಸನವು ಪ್ರತಿಯೊಬ್ಬ ಚೀನೀ ಕೂಲಿಕಾರನೂ ವಾಸದ ಪ್ರಮಾಣಪತ್ರವನ್ನು ಜೊತೆಯಲ್ಲಿಟ್ಟುಕೊಳ್ಳಬೇಕೆಂದಿತು. ಮರುವರ್ಷದ ತಿದ್ದುಪಡಿಯು ಆ ಪತ್ರಕ್ಕೆ ಅವನ ಛಾಯಾಚಿತ್ರವೂ ಅಂಟಿರಬೇಕೆಂದು ವಿಧಿಸಿತು. ಪತ್ರವಿಲ್ಲದೆ ಸಿಕ್ಕಿದವನನ್ನು ಹಡಗು ಹತ್ತಿಸಿ ಹಿಂದಕ್ಕೆ ಕಳುಹಿಸಬಹುದಾಗಿತ್ತು. ಹೀಗಿರುವಾಗ, ಪರಕೀಯನೊಬ್ಬ ಮೂಲೆಯಲ್ಲಿ ನಿಂತು ತಮ್ಮ ಮುಖದ ಚಿತ್ರ ತೆಗೆಯುವುದನ್ನು ಕಂಡರೆ ಆ ಜನಕ್ಕೆ ಏನನ್ನಿಸಿದ್ದೀತು ಎಂಬುದನ್ನು ಓದುಗರೇ ಊಹಿಸಬಹುದು. ಗೆಂಟೆಯ ಪಾಲಿಗೆ ಕ್ಯಾಮರಾ ಹವ್ಯಾಸ. ಅವರ ಪಾಲಿಗೆ ಅದು ಸರ್ಕಾರದ ಕಣ್ಣು.

ಚಿತ್ರಗಳು ಮಾತ್ರ ಚೆಲುವಾದವು, ಅದನ್ನು ಒಪ್ಪಲೇಬೇಕು. ಮಾರಾಟಗಾರರು, ಹಬ್ಬದ ಉಡುಗೆಯ ಮಕ್ಕಳು, ಕಿರಿದಾದ ಓಣಿಗಳು, ಅರೆಬೆಳಕಿನ ಬಾಗಿಲುಗಳು. ಒಂದು ಚಿತ್ರದ ಹೆಸರು ‘ಕಾಗದ ಆಯುವವನು’. ಬರಹವಿರುವ ಕಾಗದವನ್ನು ಕಾಲಿನಡಿ ಬಿಡಬಾರದೆಂಬುದು ಚೀನೀಯರ ಹಳೆಯ ಆಚಾರ. ಬೀದಿಯಲ್ಲಿ ಬಿದ್ದ ಅಂಥ ಚೂರುಗಳನ್ನು ಆಯ್ದು ತಂದು ಮರ್ಯಾದೆಯಿಂದ ಸುಡುವುದಕ್ಕೆ ಜನರನ್ನು ನೇಮಿಸುತ್ತಿದ್ದರು. ಕಾಲಿಗೆ ತಾಗಿದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೆಂಟೆ ಸೆರೆಹಿಡಿಯದಿದ್ದರೆ ಆ ಬೀದಿಯಲ್ಲಿ ಅಂಥವನೊಬ್ಬ ನಡೆದಾಡಿದ್ದನೆಂಬುದಕ್ಕೆ ಇಂದು ಕಣ್ಣಿನ ಸಾಕ್ಷ್ಯ ಎಲ್ಲಿ ಸಿಗುತ್ತಿತ್ತು?

ಇನ್ನು ಭೂಕಂಪದ ಮಾತು. 1906ನೆಯ ಇಸವಿ ಏಪ್ರಿಲ್ 18ರ ಬೆಳಗಿನ 5 ಗಂಟೆ 12 ನಿಮಿಷಕ್ಕೆ ನೆಲ ನಡುಗಿತು. ಅನಿಲದ ಕೊಳವೆಗಳು ಒಡೆದು ಬೆಂಕಿ ಹತ್ತಿತು. ನೀರಿನ ಕೊಳವೆಗಳೂ ಒಡೆದುದರಿಂದ ಆರಿಸಲು ನೀರಿಲ್ಲ. ಬೆಂಕಿ ಮೂರು ದಿನ ಉರಿಯಿತು. ಸುಮಾರು 28 ಸಾವಿರ ಕಟ್ಟಡಗಳು ನಾಶವಾದುವು. ಸತ್ತವರು 3 ಸಾವಿರಕ್ಕೂ ಹೆಚ್ಚೆಂದು ಈಚಿನ ಅಂದಾಜು. ಸುಮಾರು 4 ಲಕ್ಷ ಜನರಿದ್ದ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೂರಿಲ್ಲದಂತಾಯಿತು. ಚೀನೀ ಕೇರಿ ಪೂರ್ತಿ ಬೂದಿಯಾಯಿತು.

ಗೆಂಟೆಯ ಕ್ಯಾಮರಾಗಳು ಭೂಕಂಪದಲ್ಲಿ ಕೆಟ್ಟಿದ್ದುವು. ಆತ ಪರಿಚಯದ ಅಂಗಡಿಗೆ ಓಡಿದನು. ಬೇಕಾದ್ದನ್ನು ಎತ್ತಿಕೊಂಡು ಹೋಗು, ಹೇಗೂ ಎಲ್ಲ ಸುಡುವುದೇ ತಾನೆ ಎಂದನಂತೆ ಅಂಗಡಿಯವನು. ಕೊಡಾಕ್ ಕ್ಯಾಮರಾ ಒಂದನ್ನು ಹಿಡಿದು, ಜೇಬಿನ ತುಂಬ ಫಿಲ್ಮು ತುಂಬಿಕೊಂಡು, ಇಡೀ ದಿನ ಬೀದಿ ಬೀದಿ ಸುತ್ತಿದನು. ಆ ದಿನ ಸ್ಯಾಕ್ರಮೆಂಟೊ ಬೀದಿಯಲ್ಲಿ ತೆಗೆದ ಒಂದು ಚಿತ್ರ ಜಗತ್ಪ್ರಸಿದ್ಧ. ಕಡಿದಾದ ಇಳಿಜಾರು. ಒಂದು ಮನೆಯ ಮುಂಗೋಡೆ ಪೂರ್ತಿ ಕುಸಿದು ಬೀದಿಗೆ ಬಿದ್ದಿದೆ. ಜನರು ಗುಂಪುಗುಂಪಾಗಿ ನಿಂತು, ಕೆಲವರು ಕುರ್ಚಿ ಹಾಕಿಕೊಂಡು ಕುಳಿತು, ಕೆಳಗಿನಿಂದ ಏಳುತ್ತಿರುವ ಹೊಗೆಯ ಬೆಟ್ಟವನ್ನು ನೋಡುತ್ತಿದ್ದಾರೆ. ಬೆಂಕಿ ಹತ್ತಿರವಾದಾಗ ಅವರು ಕುರ್ಚಿಗಳನ್ನೆತ್ತಿಕೊಂಡು ಇನ್ನೊಂದಿಷ್ಟು ಮೇಲಕ್ಕೆ ಸರಿಯುತ್ತಿದ್ದರೆಂದು ಗೆಂಟೆ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಯಾರೂ ಅಳುತ್ತಿಲ್ಲ, ಓಡುತ್ತಿಲ್ಲ. ನಾಟಕ ನೋಡುವವರಂತೆ ಇದ್ದಾರೆ. ಅದೇ ಬೀದಿ ಕೆಳಗೆ ಚೀನೀ ಕೇರಿಯ ನಡುವೆ ಹಾದುಹೋಗುತ್ತದೆ. ಚೀನೀಯರು ಅದನ್ನು ‘ತಾಂಗ್ ಜನರ ಬೀದಿ’, ಎಂದರೆ ತಮ್ಮವರ ಬೀದಿ, ಎಂದು ಕರೆಯುತ್ತಿದ್ದರು.

ಬೆಂಕಿ ಆರಿದ ಮೇಲೆ ಗೆಂಟೆ ಬೀದಿಯ ಮನುಷ್ಯರನ್ನು ಬಿಟ್ಟು ಭೂದೃಶ್ಯದ ಕಡೆಗೆ ತಿರುಗಿದನು. ಊರೇ ಬಯಲಾಗಿತ್ತಲ್ಲ! ಗುಡ್ಡದ ಮೇಲೆ ಒಬ್ಬ ಸಿರಿವಂತನ ಮನೆ ಪೂರ್ತಿ ಸುಟ್ಟು ಅಮೃತಶಿಲೆಯ ಕಂಬಗಳ ಮುಂಬಾಗಿಲು ಮಾತ್ರ ನಿಂತಿತ್ತು. ಆ ಕಂಬಗಳ ನಡುವಿನಿಂದ ಪಾಳುಬಿದ್ದ ನಗರ ಕಾಣುವಂತೆ ಒಂದು ಚಿತ್ರ ತೆಗೆದನು. ಆ ಬಾಗಿಲನ್ನು 1909ರಲ್ಲಿ ನಗರದ ದೊಡ್ಡ ಉದ್ಯಾನಕ್ಕೆ ಸಾಗಿಸಿ ಒಂದು ಕೆರೆಯ ದಡದಲ್ಲಿ ನಿಲ್ಲಿಸಿದರು.

ಊರಿನ ಚಿತ್ರ ತೆಗೆಯುತ್ತ ಅಲೆಯುತ್ತಿದ್ದಾಗ ಗೆಂಟೆಯ ಸ್ವಂತ ಸ್ಟುಡಿಯೊ ಬೆಂಕಿಗೆ ಆಹುತಿಯಾಯಿತು. ಪುಸ್ತಕಗಳು, ಭಾವಚಿತ್ರಗಳು, ನೆಗೆಟಿವ್‌ಗಳು, ಎಲ್ಲವೂ ಹೋದುವು. ಆದರೆ ಚೀನೀ ಕೇರಿಯ ನೆಗೆಟಿವ್‌ಗಳು ಉಳಿದುವು. ಇದೊಂದು ದಿನ ಸುಟ್ಟುಹೋದೀತು, ಬೇರೆ ಕಡೆ ಭದ್ರವಾಗಿಡು ಎಂದು ವಿಲ್ ಅರ್ವಿನ್ ಎಂಬ ಪತ್ರಕರ್ತ ಮಿತ್ರನು ಹಿಂದೆಯೇ ಒತ್ತಾಯಿಸಿದ್ದನು. ಗೆಂಟೆ ಅವನ್ನು ಭದ್ರಕೋಠಿಯೊಂದರಲ್ಲಿ ಇಡಿಸಿದ್ದನು. 1908ರಲ್ಲಿ ಅರ್ವಿನ್ನನ ಬರಹದೊಂದಿಗೆ ಆ ಚಿತ್ರಗಳು ಪುಸ್ತಕವಾಗಿ ಬಂದುವು. 1913ರಲ್ಲಿ ಅದರ ಹಿಗ್ಗಿಸಿದ ಆವೃತ್ತಿ ಬಂತು. ಮೂಲವಸ್ತುವೇ ಬೂದಿಯಾದುದರಿಂದ ಆ ಪುಸ್ತಕವೇ ಹಳೆಯ ಚೀನೀ ಕೇರಿಯ ಪ್ರಮಾಣವೆನಿಸಿತು. ಅದು ಹೀಗೆಯೇ ಇತ್ತೆಂದು ಮೂರು ತಲೆಮಾರಿನ ಜನ ನಂಬಿದರು.

ಹೀಗೆಯೇ ಇತ್ತೆ? 1984ರಲ್ಲಿ ಜಾನ್ ಕುವೊ ವೇ ಚೆನ್ ಎಂಬ ಚೀನೀ ಅಮೆರಿಕನ್ ಇತಿಹಾಸಕಾರರು ಗೆಂಟೆಯ ಚಿತ್ರಗಳನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದರು. ಅಚ್ಚಾದ ಚಿತ್ರಗಳನ್ನು ಅವರು ಮೂಲ ನೆಗೆಟಿವ್‌ಗಳ ಜೊತೆಗಿಟ್ಟು ಹೋಲಿಸಿದಾಗ ಬೇರೊಂದು ಊರು ಎದ್ದು ಬಂತು. ನೆಗೆಟಿವ್‌ನಲ್ಲಿ ಅಂಗಡಿಯ ಮೇಲೆ ಇಂಗ್ಲಿಷ್ ಫಲಕವಿದೆ. ಅಚ್ಚಿನಲ್ಲಿ ಅದನ್ನು ಅಳಿಸಲಾಗಿದೆ. ನೆಗೆಟಿವ್‌ನಲ್ಲಿ ಬಿಳಿಯನೊಬ್ಬ ನಡೆದುಹೋಗುತ್ತಿದ್ದಾನೆ. ಅಚ್ಚಿನಲ್ಲಿ ಆ ಅಂಚನ್ನು ಕತ್ತರಿಸಿ ತೆಗೆಯಲಾಗಿದೆ. ಅಮೆರಿಕದ ನಗರವೊಂದರ ನಡುವೆ, ಅಮೆರಿಕನ್ನರೊಡನೆ ವ್ಯಾಪಾರ ಮಾಡಿಕೊಂಡು, ಎರಡು ಭಾಷೆಗಳ ಫಲಕ ಹಾಕಿಕೊಂಡು ಬಾಳುತ್ತಿದ್ದ ಜನವನ್ನು ಗೆಂಟೆ ಎಲ್ಲೋ ದೂರದ ಪ್ರಾಚೀನ ಚೀನಾದವರಂತೆ ತೋರಿಸಿದ್ದನು. ಹೆಸರಿಡುವುದರಲ್ಲಿಯೂ ಇದೇ ಚಾಳಿ. ರಾಸ್ ಓಣಿಯಲ್ಲಿ ಕಪ್ಪು ಉಡುಗೆಯ ಗಂಡಸರು ಗುಂಪಾಗಿ ನಿಂತ ಚಿತ್ರಕ್ಕೆ ‘ಜೂಜುಗಾರರ ಬೀದಿ’ ಎಂದು ಹೆಸರು. ಚಿತ್ರದಲ್ಲಿ ದಾಳವೂ ಇಲ್ಲ, ಹಣವೂ ಇಲ್ಲ. ನಿಂತಿರುವ ಮನುಷ್ಯರು ಮಾತ್ರ ಇದ್ದಾರೆ. ಜೂಜು ಇರುವುದು ಹೆಸರಿನಲ್ಲಿ. ಮಕ್ಕಳ ಚಿತ್ರಗಳೂ ಹೀಗೆಯೇ ದಾರಿ ತಪ್ಪಿಸುತ್ತವೆ. ಕಾನೂನು ಹೆಂಗಸರ ಆಗಮನಕ್ಕೆ ಅಡ್ಡ ನಿಂತುದರಿಂದ ಆ ಕೇರಿಯಲ್ಲಿ ಹೆಚ್ಚಿನವರು ಒಂಟಿ ಗಂಡಸರು, ಸಂಸಾರಗಳು ಕಡಮೆ. ಪುಸ್ತಕದ ಪುಟ ತಿರುವಿದವರಿಗಾದರೋ ಅದು ಮಕ್ಕಳು ತುಂಬಿ ನಲಿಯುವ ಕೇರಿಯೆಂದು ತೋರುತ್ತದೆ.

ಹಳೆಗನ್ನಡ ಕಾವ್ಯ ಓದಿದವರಿಗೆ ಈ ವ್ಯವಹಾರ ಹೊಸದಲ್ಲ. ಲಿಪಿಕಾರನು ಓಲೆಯನ್ನು ಪ್ರತಿಮಾಡುವಾಗ ತನಗೆ ಸರಿದೋರದ ಶಬ್ದವನ್ನು ತಿದ್ದುತ್ತಾನೆ, ಇಷ್ಟವಾಗದ ಪದ್ಯವನ್ನು ಬಿಡುತ್ತಾನೆ, ತನ್ನದೊಂದನ್ನು ಸೇರಿಸುತ್ತಾನೆ. ಒಂದೇ ಪ್ರತಿ ಓದಿದವನು ಅದನ್ನೇ ಕವಿವಾಣಿಯೆಂದು ನಂಬುತ್ತಾನೆ. ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರ ಗುರುತಿಸಿದವನಿಗೆ ಮಾತ್ರ ಮೂಲ ಯಾವುದು, ಪ್ರಕ್ಷಿಪ್ತ ಯಾವುದು ಎಂಬುದು ತಿಳಿಯುತ್ತದೆ. ಭಾಷಾಶಾಸ್ತ್ರ ಕಲಿತ ಗೆಂಟೆಗೆ ಈ ವಿದ್ಯೆ ಚೆನ್ನಾಗಿಯೇ ಗೊತ್ತಿದ್ದಿರಬೇಕು. ಆದರೂ ಚಿತ್ರದಲ್ಲಿ ಆತ ತಾನೇ ಕೈ ಆಡಿಸುವ ಲಿಪಿಕಾರನಾದನು.

ಹಾಗೆಂದು ಅವನನ್ನು ಸುಳ್ಳುಗಾರನೆಂದು ತಳ್ಳಿಹಾಕೋಣವೆ? ಅದು ನ್ಯಾಯವಲ್ಲ. ಅಚ್ಚನ್ನು ತಿದ್ದಿದವನೇ ನೆಗೆಟಿವ್‌ಗಳನ್ನು ಎಸೆಯದೆ ಕಾಪಾಡಿದನು. 1911ರಲ್ಲಿ ನ್ಯೂಯಾರ್ಕಿಗೆ ಹೋಗಿ, ರಾಷ್ಟ್ರಾಧ್ಯಕ್ಷರ ಮತ್ತು ನಟಿಯರ ಭಾವಚಿತ್ರಗಳಿಂದ ಹೆಸರು ಮಾಡಿದ ಮೇಲೂ ಹಳೆಯ ಬೀದಿಯ ನೆಗೆಟಿವ್‌ಗಳು ಅವನ ಬಳಿಯೇ ಇದ್ದುವು. 1942ರಲ್ಲಿ ತೀರಿಕೊಂಡನು, ಮರುವರ್ಷ ಅವನ ಸಂಗ್ರಹವು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿತು. ತಪ್ಪಿನ ಸಾಕ್ಷಿಯನ್ನೂ ಅವನೇ ಉಳಿಸಿಹೋದಂತಾಯಿತು. ಚೀನೀಯರನ್ನು ಹೊರಗಿಟ್ಟ 1882ರ ಶಾಸನ ರದ್ದಾದದ್ದೂ ಅದೇ 1943ರಲ್ಲಿ. ಆದರೆ ವರ್ಷಕ್ಕೆ 105 ಮಂದಿ ಮಾತ್ರ ಬರಬಹುದೆಂಬ ಮಿತಿಯೊಡನೆ.

ಭೂಕಂಪವಾದ ಮೇಲೆ ಚೀನೀಯರನ್ನು ಊರಾಚೆಗೆ ಅಟ್ಟಬೇಕೆಂದು ನಗರದ ಮುಖಂಡರು ಹೂಡಿದ ಉಪಾಯ ಫಲಿಸಲಿಲ್ಲ. ಚೀನೀ ವರ್ತಕರು ಇದ್ದಲ್ಲಿಯೇ ಮತ್ತೆ ಕಟ್ಟಿದರು. ಅಮೆರಿಕನ್ ವಾಸ್ತುಶಿಲ್ಪಿಗಳಿಂದಲೇ ಪಗೋಡದಂಥ ಬಾಗಿದ ಮಾಡುಗಳನ್ನು ಹಾಕಿಸಿ, ನೋಡಲು ಬರುವವರ ಕಣ್ಣಿಗೆ ಹಬ್ಬವಾಗುವಂತೆ ಮಾಡಿದರು. ಇಂದು ಪ್ರವಾಸಿಗಳು ಹಳೆಯ ಚೀನಾವೆಂದು ಬೆರಗಿನಿಂದ ನೋಡುವ ಆ ಬೀದಿಗಳು 1906ರ ಈಚಿನವು. ಹಳೆಯ ಕೇರಿಯ ಕಟ್ಟಡಗಳಲ್ಲಿ ಹೆಚ್ಚಿನವು ನಗರದ ಉಳಿದ ಕಟ್ಟಡಗಳಂತೆಯೇ ಸಾಧಾರಣ ಇಟ್ಟಿಗೆಯವು. ಇದು ನಮಗೆ ತಿಳಿಯುವುದೂ ಗೆಂಟೆಯ ಚಿತ್ರಗಳಿಂದಲೇ. ಅವನು ಮರೆಮಾಡಬೇಕೆಂದದ್ದು ಎಷ್ಟೋ ಇದ್ದರೂ ಗೋಡೆಗಳನ್ನು ಮರೆಮಾಡಲಾಗಲಿಲ್ಲ.

ಅದೇ ಬೆಂಕಿಯಲ್ಲಿ ನಗರದ ಜನನ ದಾಖಲೆಗಳೂ ಸುಟ್ಟುಹೋದುವು. ಅಮೆರಿಕದ ನೆಲದಲ್ಲಿ ಹುಟ್ಟಿದ ಚೀನೀಯನು ಅಮೆರಿಕದ ಪ್ರಜೆಯೇ ಎಂದು 1898ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ದಾಖಲೆ ಹೋದ ಮೇಲೆ ಎಷ್ಟೋ ಮಂದಿ ತಾವು ಇಲ್ಲಿಯೇ ಹುಟ್ಟಿದವರೆಂದು ಹೇಳಿಕೊಂಡರು; ಅಲ್ಲವೆಂದು ತೋರಿಸಲು ಸರ್ಕಾರದ ಬಳಿ ಕಾಗದವಿರಲಿಲ್ಲ. ಕಾಗದ ಕೇಳಿ ಕೇಳಿ ಜನರನ್ನು ಪೀಡಿಸಿದ ಊರಿನಲ್ಲಿ ಕಾಗದದ ಬೂದಿಯೇ ಕೆಲವರಿಗೆ ಬಾಗಿಲು ತೆರೆಯಿತು.

ಇಂದು ಎಲ್ಲರ ಕೈಯಲ್ಲಿಯೂ ಕ್ಯಾಮರಾ ಇದೆ. ನಮ್ಮ ಪೇಟೆಯ ಬೀದಿ, ಸಂತೆ, ಊರ ಹೊರಗಿನ ಕೆರೆ ಏರಿ, ಎಲ್ಲವನ್ನೂ ಹುಡುಗರು ತೆಗೆಯುತ್ತಿದ್ದಾರೆ; ತೆಗೆಯಲಿ. ತೆಗೆಯುವಾಗ ತಂತಿ ಅಡ್ಡ ಬಂತು, ಫಲಕ ಅಂದಗೆಡಿಸಿತು ಎಂದು ಅಳಿಸಿದ ಪ್ರತಿಯನ್ನು ನಾಲ್ಕು ಜನಕ್ಕೆ ತೋರಿಸಿದರೂ ಅಳಿಸದ ಪ್ರತಿಯೊಂದನ್ನು ಬೇರೆಯಾಗಿ ಇಟ್ಟಿರಲಿ. ಯಾವ ಊರು, ಯಾವ ಬೀದಿ, ಯಾವ ದಿನ ಎಂಬುದನ್ನು ಬರೆದಿಡಲಿ. ನಿಂತ ಮನುಷ್ಯನನ್ನು ಮಾತನಾಡಿಸಿ ಹೆಸರು ಕೇಳಲಿ. ಗೆಂಟೆಯ ಚಿತ್ರಗಳಲ್ಲಿ ಇನ್ನೂರರಷ್ಟು ಉಳಿದಿವೆ. ಕಾಗದ ಆಯುತ್ತಿದ್ದ ಆ ಮನುಷ್ಯನ ಹೆಸರನ್ನು ಮಾತ್ರ ಚಿತ್ರ ತೆಗೆದವನು ನಮಗೆ ಹೇಳಿಹೋಗಲಿಲ್ಲ.