ಭಾವಚಿತ್ರದ ಒಡೆತನ ಮತ್ತು ಗಿರಾಕಿಯ ಸಮ್ಮತಿ: ವಾಗ್ಳೆ ಎಸ್ಟೇಟಿನ ನೆಲೆಯಿಂದ ಒಂದು ವಿವೇಚನೆ

ಛಾಯಾಚಿತ್ರದ ಅಂಗಡಿಯವರು ತಮ್ಮ ಕೈಚಳಕಕ್ಕೆ ಸಾಕ್ಷಿಯಾಗಿ ಗಿರಾಕಿಗಳ ಭಾವಚಿತ್ರಗಳನ್ನು ಗಾಜಿನ ಕಪಾಟಿನಲ್ಲಿ ಪ್ರದರ್ಶಿಸುವುದು ನಮ್ಮ ನಗರಗಳಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಹಾಗೆ ಪ್ರದರ್ಶಿಸಲು ಯಾರ ಅಪ್ಪಣೆ ಬೇಕು ಎಂಬ ಪ್ರಶ್ನೆಯ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಭಾರತದ ಕೃತಿಸ್ವಾಮ್ಯದ ಕಾನೂನು ಚಿತ್ರಕ್ಕೆ ಹಣ ತೆತ್ತವರನ್ನು ರಕ್ಷಿಸಿತೇ ಹೊರತು ಚಿತ್ರದಲ್ಲಿರುವವರನ್ನಲ್ಲ ಎಂಬುದು ಇಲ್ಲಿನ ಪ್ರತಿಪಾದನೆ.

ಮುಂಬಯಿಯಲ್ಲಿ ಛಾಯಾಗ್ರಾಹಕರ ಸಂಘ ಸ್ಥಾಪನೆಯಾದದ್ದು ೧೮೫೪ರಲ್ಲಿ. ಮುಖವನ್ನು ಯಾರು ನೋಡಬಹುದು ಎಂಬ ಕಟ್ಟುಪಾಡು ಸಮಾಜದಲ್ಲಿ ಕಾನೂನಿಗಿಂತ ಮೊದಲೇ ಇತ್ತು. ರಾಜಾ ದೀನ್ ದಯಾಳರು ೧೮೯೨ರಲ್ಲಿ ಹೈದರಾಬಾದಿನಲ್ಲಿ ಪರದೆಯ ಸ್ತ್ರೀಯರಿಗಾಗಿ ಮಹಿಳೆಯೊಬ್ಬರ ಮೇಲ್ವಿಚಾರಣೆಯಲ್ಲಿ ಪ್ರತ್ಯೇಕ ಸ್ಟುಡಿಯೋ ತೆರೆದದ್ದು ಈ ಕಟ್ಟುಪಾಡಿಗೆ ವೃತ್ತಿ ಕೊಟ್ಟ ಉತ್ತರವೆನ್ನಬಹುದು.

ನ್ಯಾಯಾಲಯದ ಉತ್ತರ ಇಂಗ್ಲೆಂಡಿನಿಂದ ಬಂತು. ೧೮೮೮ರ ಪೊಲಾರ್ಡ್ ಪ್ರಕರಣದಲ್ಲಿ ರಾಚೆಸ್ಟರಿನ ಛಾಯಾಗ್ರಾಹಕನೊಬ್ಬ ಗಿರಾಕಿ ಮಹಿಳೆಯ ಚಿತ್ರವನ್ನು ಕ್ರಿಸ್‌ಮಸ್ ಶುಭಾಶಯ ಪತ್ರವಾಗಿ ರೂಪಿಸಿ ಅಂಗಡಿಯಲ್ಲಿ ಪ್ರದರ್ಶಿಸಿದ್ದನು. ನೆಗೆಟಿವ್ ಅವನ ವಶದಲ್ಲಿದ್ದರೂ ಅದನ್ನು ಗಿರಾಕಿಗೆ ಪ್ರತಿ ತೆಗೆದುಕೊಡುವುದಕ್ಕಲ್ಲದೆ ಬೇರೆ ಕೆಲಸಕ್ಕೆ ಬಳಸುವುದು ಒಪ್ಪಂದಕ್ಕೂ ವಿಶ್ವಾಸಕ್ಕೂ ಭಂಗವೆಂದು ನ್ಯಾಯಾಧೀಶ ನಾರ್ತ್ ಅವರು ತಡೆಯಾಜ್ಞೆ ನೀಡಿದರು. ಮುಂದೆ ೧೯೧೧ರ ಬ್ರಿಟಿಷ್ ಅಧಿನಿಯಮವನ್ನು ಅಳವಡಿಸಿಕೊಂಡ ೧೯೧೪ರ ಭಾರತೀಯ ಅಧಿನಿಯಮದ ಮೂಲಕ, ಹಣ ಕೊಟ್ಟು ಚಿತ್ರ ತೆಗೆಸಿದವನೇ ಅದರ ಮೊದಲ ಒಡೆಯನೆಂಬ ತತ್ತ್ವ ಇಲ್ಲಿಗೂ ಬಂತು. ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಇದೇ ನಿಯಮವೆಂದು ೧೯೫೭ರ ಕೃತಿಸ್ವಾಮ್ಯ ಅಧಿನಿಯಮದ ೧೭ನೆಯ ಪ್ರಕರಣವೂ ವಿಧಿಸುತ್ತದೆ.

ಈ ನಿಯಮದ ಇಕ್ಕಟ್ಟು ಸ್ಪಷ್ಟವಾಗಬೇಕಾದರೆ ದುಡಿಮೆಗಾರರ ನೆಲೆಯೊಂದನ್ನು ಗಮನಿಸಬೇಕು. ಠಾಣೆಯ ವಾಗ್ಳೆ ಎಸ್ಟೇಟ್ ೧೯೬೨ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಮೊದಲ ಕೈಗಾರಿಕಾ ವಲಯ. ಇಂಥ ವಲಯದ ಸ್ಟುಡಿಯೋದಲ್ಲಿ ಕಾರ್ಮಿಕನು ತನ್ನ ಹಣದಿಂದ ತೆಗೆಸಿಕೊಂಡ ಪಾಸ್‌ಪೋರ್ಟ್ ಅಳತೆಯ ಚಿತ್ರದ ಒಡೆಯ ಅವನೇ. ಅದೇ ಕಾರ್ಮಿಕನ ಚಿತ್ರವನ್ನು ಗುರುತುಚೀಟಿಗಾಗಿ ಕಾರ್ಖಾನೆ ಹಣ ಕೊಟ್ಟು ತೆಗೆಸಿದರೆ ಒಡೆತನ ಕಾರ್ಖಾನೆಯದು. ಮದುವೆಯ ಚಿತ್ರಗಳಿಗೆ ತಂದೆ ಹಣ ಕೊಟ್ಟರೆ ಕೃತಿಸ್ವಾಮ್ಯ ತಂದೆಯದು. ಮುಖ ಮಾತ್ರ ಮಗಳದು. ಛಾಯಾಗ್ರಾಹಕನು ಹಣ ಪಡೆಯದೆ ತಾನಾಗಿಯೇ ತೆಗೆದುಕೊಟ್ಟ ಚಿತ್ರದ ಒಡೆಯ ಸಾಮಾನ್ಯವಾಗಿ ಅವನೇ ಆಗುತ್ತಾನೆ. ಹೀಗಾಗಿ ಉಚಿತವಾಗಿ ಚಿತ್ರ ಪಡೆದ ಬಡ ಗಿರಾಕಿಗೆ ಈ ಕಾನೂನಿನಲ್ಲಿ ಆಕ್ಷೇಪಿಸುವ ಆಧಾರವೇ ಇಲ್ಲ.

ಹಣ ಪಡೆದ ಚಿತ್ರದಿಂದ ಇನ್ನೊಂದು ಪ್ರತಿ ತೆಗೆದು ಜಾಹೀರಾತಿಗೆ ಬಳಸಲು ಒಡೆಯನ ಅನುಮತಿ ಬೇಕು. ಅದನ್ನು ಬರಹದಲ್ಲಿ ಪಡೆಯುವುದು ಕ್ರಮ. ಅವಧಿಯನ್ನು ನಮೂದಿಸದ ಅನುಮತಿ ೫ ವರ್ಷಗಳದ್ದೆಂದೂ ಪ್ರದೇಶವನ್ನು ನಮೂದಿಸದ್ದು ಭಾರತಕ್ಕೆ ಸೀಮಿತವಾದದ್ದೆಂದೂ ಅಧಿನಿಯಮ ಭಾವಿಸುತ್ತದೆ. ‘ಅಂಗಡಿಯಲ್ಲಿ ಹಾಕಿಕೊಳ್ಳಿ’ ಎಂಬ ಬಾಯಿಮಾತಿನ ಒಪ್ಪಿಗೆಗೂ ಈ ವಿಧಿಗಳಿಗೂ ಇರುವ ಅಂತರ ಸ್ವಲ್ಪದ್ದಲ್ಲ.

ಒಡೆತನವನ್ನೂ ಖಾಸಗಿತನವನ್ನೂ ಬೇರೆಬೇರೆಯಾಗಿ ಕಾಣುವ ಪ್ರಯತ್ನ ಬ್ರಿಟನ್ನಿನಲ್ಲಿ ೧೯೮೮ರ ಅಧಿನಿಯಮದಿಂದ ಆಯಿತು. ಅದು ಕೃತಿಸ್ವಾಮ್ಯವನ್ನು ಛಾಯಾಗ್ರಾಹಕನಿಗೆ ಕೊಟ್ಟು, ಮನೆಬಳಕೆಗೆಂದು ಚಿತ್ರ ತೆಗೆಸಿದವರಿಗೆ ಸಾರ್ವಜನಿಕ ಪ್ರದರ್ಶನವನ್ನು ತಡೆಯುವ ಹಕ್ಕನ್ನು ಉಳಿಸಿತು. ಅಲ್ಲಿಯೂ ರಕ್ಷಣೆ ಸಿಕ್ಕಿದ್ದು ತೆಗೆಸಿದವರಿಗೇ. ಭಾರತದಲ್ಲಿ ಚಿತ್ರದಲ್ಲಿರುವವರ ಕಡೆಗೆ ದೃಷ್ಟಿ ಹರಿದದ್ದು ೨೦೧೭ರಲ್ಲಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ೯ ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ತನ್ನ ಬಿಂಬದ ವಾಣಿಜ್ಯ ಬಳಕೆಯನ್ನು ತಡೆಯುವ ಅಧಿಕಾರ ವ್ಯಕ್ತಿಗಿರಬೇಕೆಂಬ ವಿಚಾರ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರ ಪ್ರತ್ಯೇಕ ಅಭಿಪ್ರಾಯದಲ್ಲಿ ಬಂದಿದೆ.

ಈ ಹಿನ್ನೆಲೆಯಲ್ಲಿ ಛಾಯಾಗ್ರಾಹಕನು ಎರಡು ಸಮ್ಮತಿಗಳನ್ನು ಪಡೆಯುವುದು ಉಚಿತ: ಹಣ ಕೊಟ್ಟವರದೊಂದು, ಚಿತ್ರದಲ್ಲಿರುವವರದೊಂದು. ಸ್ಟುಡಿಯೋಗಳ ಹಳೆಯ ನೆಗೆಟಿವ್‌ಗಳನ್ನು ವಲಸೆಯ ಚರಿತ್ರೆಗೆ ಆಕರವಾಗಿ ಬಳಸಲಿರುವ ಸಂಶೋಧಕರಿಗೂ ಈ ಭೇದ ಅನ್ವಯಿಸುತ್ತದೆ. ರಸೀದಿಯಲ್ಲಿ ಹೆಸರಿಲ್ಲದವರ ಮುಖವೇ ಅಲ್ಲಿ ನಮ್ಮ ಮುಂದಿರುವ ದಾಖಲೆ.