ಸೋಫಾ ಉಳಿಸೋಕೆ ಬೆರಳು: ಬೆಕ್ಕಿನ ಉಗುರಿನ ಜಗಳದ ಕಥೆ

ಇವತ್ತಿನ ಎಪಿಸೋಡ್ ಶುರುವಾಗೋದು ನಮ್ಮ ಮನೆ ಓನರ್ ಅಂಕಲ್‌ರಿಂದ. ಹೋದ ತಿಂಗಳು ಬಾಡಿಗೆ ಮಾತಾಡೋಕೆ ಬಂದವರು, ಬಾಗಿಲ ಚೌಕಟ್ಟಿನ ಮೇಲೆ ನಮ್ಮ ಪರ್ಷಿಯನ್ ಬೆಕ್ಕು ಪರಚಿದ್ದ ಗೆರೆಗಳನ್ನ ನೋಡಿದ್ರು. "ಇದನ್ನ ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ತೀನಿ ಕಣಮ್ಮ" ಅಂದ್ರು. ಮೆಟ್ಟಿಲು ಇಳೀತಾ ಇನ್ನೊಂದು ಮಾತು: "ಅಮೆರಿಕಾದಲ್ಲಿ ನನ್ನ ಮಗಳ ಪಕ್ಕದ್ಮನೆಯವರು ಬೆಕ್ಕಿನ ಉಗುರನ್ನೇ ತೆಗೆಸಿಬಿಟ್ಟಿದ್ರಂತೆ. ನೀನೂ ತೆಗೆಸಿಬಿಡು."

ಅಂಕಲ್ ಕೆಟ್ಟವರಲ್ಲ. ಉಗುರು ತೆಗೆಸೋದು ಅಂದ್ರೆ ನೈಲ್ ಕಟರ್ ಕೆಲಸಕ್ಕಿಂತ ಒಂಚೂರು ಜಾಸ್ತಿ ಅಂತ ಅಂದ್ಕೊಂಡಿದ್ರು, ಅಷ್ಟೇ. ಆ ರಾತ್ರಿ ಓದೋವರೆಗೂ ನಾನೂ ಹಾಗೇ ಅಂದ್ಕೊಂಡಿದ್ದೆ.

ನಮ್ಮ ಉಗುರು ಚರ್ಮದಿಂದ ಬೆಳೆಯುತ್ತೆ. ಬೆಕ್ಕಿನ ಉಗುರು ಬೆರಳಿನ ಕೊನೆಯ ಮೂಳೆಗೇ ಅಂಟಿಕೊಂಡಿರುತ್ತೆ. ಹಾಗಾಗಿ ಮತ್ತೆ ಬೆಳೀಬಾರದು ಅಂದ್ರೆ ಆ ಮೂಳೆಯನ್ನೇ ಕತ್ತರಿಸಿ ತೆಗೀಬೇಕು. ಇದಕ್ಕೆ ಡಿಕ್ಲಾ ಅಂತ ಹೆಸರು. ನಿಮ್ಮ ಬೆರಳಿನ ತುದಿಯ ಗೆಣ್ಣು ನೋಡ್ಕೊಳ್ಳಿ. ಅಲ್ಲಿಗೆ ಕತ್ತರಿ. ಮುಂಗಾಲು ಎರಡೂ ಸೇರಿ ಹತ್ತು ಬೆರಳು.

ಇಂಥದ್ದು ಒಂದು ಕಾಲಕ್ಕೆ ಮಾಮೂಲಿ ಆಗಿದ್ದು ಹೇಗೆ? ತಳಿ ಬೆಕ್ಕುಗಳ ಶೋಕಿಯಿಂದ ಅಂತ ನಾನು ಊಹೆ ಮಾಡಿದ್ದೆ. ಊಹೆ ತಪ್ಪಾಯ್ತು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಹ್ಯಾರಿಸನ್ ವಿಯರ್ ದೊಡ್ಡ ಬೆಕ್ಕು ಪ್ರದರ್ಶನ ನಡೆಸಿದ. ತಳಿ, ಗುಣಮಟ್ಟ, ಬಹುಮಾನ ಅನ್ನೋ ಜಗತ್ತು ಬೆಳೆದಿದ್ದು ಅಲ್ಲಿಂದ. ಆದರೆ ಅಮೆರಿಕದ ದೊಡ್ಡ ತಳಿ ಸಂಸ್ಥೆ ಸಿಎಫ್ಎ, ಉಗುರು ತೆಗೆಸಿದ ಬೆಕ್ಕನ್ನ ಪ್ರದರ್ಶನಕ್ಕೇ ಸೇರಿಸಿಕೊಳ್ಳಲ್ಲ. ಬೇರೆ ವಿಷಯದಲ್ಲಿ ಈ ತಳಿ ಲೋಕವನ್ನ ಬೈಯೋಕೆ ಬೇಕಾದಷ್ಟಿದೆ, ನಮ್ಮ ಪರ್ಷಿಯನ್ನಿನ ಚಪ್ಪಟೆ ಮೂಗು ಅದಕ್ಕೆ ಸಾಕ್ಷಿ. ಇದರಲ್ಲಿ ಮಾತ್ರ ಅವರದ್ದು ಸರಿ.

ಅಸಲಿ ಕಥೆ ಇರೋದು ಮಣ್ಣಿನಲ್ಲಿ. 1947, ಅಮೆರಿಕದ ಮಿಶಿಗನ್. ಎಡ್ವರ್ಡ್ ಲೋ ಅನ್ನೋನ ಹತ್ರ ನೆರೆಯಾಕೆ ಒಬ್ಬಳು ಬೆಕ್ಕಿನ ಡಬ್ಬಿಗೆ ಹಾಕೋಕೆ ಮರಳು ಕೇಳಿದ್ಲು. ಆತ ಕೊಟ್ಟಿದ್ದು ಎಣ್ಣೆ ಹೀರೋಕೆ ಬಳಸ್ತಿದ್ದ ಜೇಡಿಮಣ್ಣು. ಅದು ವಾಸನೆಯನ್ನೂ ಹೀರ್ತು. ಅದನ್ನೇ ಚೀಲಕ್ಕೆ ತುಂಬಿ 'ಕಿಟ್ಟಿ ಲಿಟರ್' ಅಂತ ಮಾರೋಕೆ ಶುರು ಮಾಡಿದ. ಅಲ್ಲಿವರೆಗೂ ರಾತ್ರಿ ಹೊರಗೆ ಹೋಗ್ತಿದ್ದ ಬೆಕ್ಕು ದಿನವಿಡೀ ಮನೆಯೊಳಗೇ ಇರೋದು ಸುಲಭ ಆಯ್ತು. ಪರಚೋಕೆ ಮರ ಇಲ್ಲ, ಸೋಫಾ ಇದೆ. ಮುಂದಿನ ದಶಕಗಳಲ್ಲಿ ಡಿಕ್ಲಾ ಅಲ್ಲಿ ಮಾಮೂಲಿ ಆಪರೇಷನ್ ಆಯ್ತು.

ನಾನು ಬಿಕಾಂ ಓದಿದವಳು. ಯಾವ ಖರ್ಚು ಯಾರ ಖಾತೆಗೆ ಬೀಳುತ್ತೆ ಅಂತ ಮೊದಲು ನೋಡ್ತೀನಿ. ಇಲ್ಲಿ ಸೋಫಾ ಸವಕಳಿ ಬೆಕ್ಕಿನ ಬೆರಳಿನ ಖಾತೆಗೆ ಬಿತ್ತು.

ಯುರೋಪಿನಲ್ಲಿ 1987ರ ಸಾಕುಪ್ರಾಣಿಗಳ ಒಪ್ಪಂದವೇ ಇದು ಬೇಡ ಅಂತು. ಅಮೆರಿಕದಲ್ಲಿ ಜಗಳ ಎದ್ದಿದ್ದು ಹುಲಿ, ಸಿಂಹಗಳಿಂದ. ಜೆನ್ನಿಫರ್ ಕಾನ್ರಾಡ್ ಅನ್ನೋ ಪಶುವೈದ್ಯೆ, ಮನರಂಜನೆಗೆ ಅಂತ ಉಗುರು ತೆಗೆಸಿದ್ದ ದೊಡ್ಡ ಬೆಕ್ಕುಗಳ ಪಂಜ ರಿಪೇರಿ ಮಾಡ್ತಿದ್ರು. ಅವರ ಒತ್ತಾಯದ ಮೇಲೆ 2003ರಲ್ಲಿ ವೆಸ್ಟ್ ಹಾಲಿವುಡ್ ನಗರ ಡಿಕ್ಲಾ ನಿಷೇಧಿಸಿತು. ಆ ದೇಶದಲ್ಲಿ ಇದೇ ಮೊದಲು.

ಕೋರ್ಟಿಗೆ ಹೋದವರು ಯಾರು ಗೊತ್ತಾ? ಕ್ಯಾಲಿಫೋರ್ನಿಯಾದ ಪಶುವೈದ್ಯರ ಸಂಘ! ನಮಗೆ ಲೈಸೆನ್ಸ್ ಕೊಟ್ಟಿರೋದು ರಾಜ್ಯ, ಯಾವ ಆಪರೇಷನ್ ಮಾಡಬೇಕು ಅಂತ ನಗರಸಭೆ ಹೇಗೆ ಹೇಳುತ್ತೆ ಅನ್ನೋದು ವಾದ. ಮೊದಲು ಸಂಘ ಗೆದ್ದಿತು, 2007ರಲ್ಲಿ ಮೇಲ್ಮನವಿ ಕೋರ್ಟು ನಗರದ ಪರ ನಿಂತಿತು. ಆಗ ರಾಜ್ಯ ಹೊಸ ಕಾನೂನು ತಂತು: 2010ರ ಜನವರಿ 1ರಿಂದ ನಗರಗಳು ಇಂಥ ನಿಷೇಧ ಹಾಕೋ ಹಾಗಿಲ್ಲ. ಸರಿ, ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋ, ಬರ್ಕ್‌ಲಿ ಎಲ್ಲಾ 2009 ಮುಗಿಯೋದ್ರೊಳಗೆ ಧಡಧಡ ಅಂತ ನಿಷೇಧ ಪಾಸು ಮಾಡಿಕೊಂಡವು. ಮಾರ್ಚ್ 31ಕ್ಕೆ ಟ್ಯಾಕ್ಸ್ ಉಳಿಸೋಕೆ ಓಡ್ತೀವಲ್ಲ, ಹಾಗೆ. ಇಡೀ ರಾಜ್ಯಕ್ಕೆ ನಿಷೇಧ ಹಾಕಿದ್ದು ಮೊದಲು ನ್ಯೂಯಾರ್ಕ್, 2019ರಲ್ಲಿ. ದಂಡ 1,000 ಡಾಲರ್‌ವರೆಗೆ.

ವಿರೋಧಿಸಿದ ವೈದ್ಯರ ಇನ್ನೊಂದು ಮಾತನ್ನ ನಾನು ಸುಲಭಕ್ಕೆ ತಳ್ಳಿಹಾಕಲ್ಲ. ಡಿಕ್ಲಾ ಬೇಡ ಅಂದ್ರೆ ಕೆಲವರು ಬೆಕ್ಕನ್ನೇ ಬಿಟ್ಟುಬಿಡ್ತಾರೆ, ಶೆಲ್ಟರ್‌ನಲ್ಲಿ ಸಾಯುತ್ತೆ, ಅದಕ್ಕಿಂತ ಬೆರಳು ಹೋಗೋದು ಮೇಲಲ್ವಾ ಅಂತ. ಆದರೆ 274 ಬೆಕ್ಕುಗಳನ್ನ ಪರೀಕ್ಷಿಸಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯ್ತು. ಉಗುರು ತೆಗೆಸಿದ ಬೆಕ್ಕುಗಳಲ್ಲಿ ಬೆನ್ನುನೋವು, ಕಚ್ಚೋದು, ಡಬ್ಬಿ ಬಿಟ್ಟು ಬೇರೆ ಕಡೆ ಗಲೀಜು ಮಾಡೋದು ಜಾಸ್ತಿ ಕಂಡಿತ್ತು. ಬೆಕ್ಕನ್ನ ಮನೆಯಿಂದ ಓಡಿಸೋಕೆ ಜನಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಾ?

ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಡಿಕ್ಲಾ ಅನ್ನೋ ಪದ ಇಲ್ಲ. ಪ್ರಾಣಿಯ ಅಂಗ ಊನ ಮಾಡೋದು ಅಪರಾಧ ಅಂತ 11ನೇ ಸೆಕ್ಷನ್ ಹೇಳುತ್ತೆ.

ಮೊನ್ನೆ ಅಂಕಲ್‌ಗೆ ಬೆರಳಿನ ಗೆಣ್ಣು ತೋರಿಸಿ ಇದನ್ನೆಲ್ಲ ಹೇಳ್ದೆ. ಸುಮ್ನೆ ತಮ್ಮ ಕೈ ನೋಡ್ಕೊಂಡ್ರು. ಅವರಿಗೆ ಹೇಳದೇ ಇದ್ದಿದ್ದು, ಚೌಕಟ್ಟು ಹಾಳಾಗಿದ್ದು ನನ್ನ ಸೋಮಾರಿತನಕ್ಕೆ ಅಂತ. ಬೆಕ್ಕು ಪರಚೋದು ಮೈ ಮುರಿಯೋಕೆ, ಹಳೇ ಉಗುರಿನ ಪೊರೆ ಕಳಚೋಕೆ, ಇದು ನನ್ನ ಜಾಗ ಅಂತ ಗುರುತು ಹಾಕೋಕೆ. ಅದನ್ನ ನಿಲ್ಲಿಸೋಕೆ ಆಗಲ್ಲ, ಬೇರೆ ಜಾಗ ಕೊಡಬಹುದು. ಈಗ ಮೂರಡಿ ಮರದ ಕಂಬಕ್ಕೆ ಕತ್ತಾಳೆ ಹಗ್ಗ ಬಿಗಿಯಾಗಿ ಸುತ್ತಿ, ಅಲ್ಲಾಡದ ಹಾಗೆ ಹಲಗೆಗೆ ಹೊಡೆಸಿ, ಅದೇ ಬಾಗಿಲ ಪಕ್ಕ ಇಟ್ಟಿದೀನಿ. ಎರಡು ಮೂರು ವಾರಕ್ಕೊಮ್ಮೆ ಉಗುರಿನ ತುದಿ ಮಾತ್ರ, ಒಳಗಿನ ಗುಲಾಬಿ ಭಾಗ ಮುಟ್ಟದ ಹಾಗೆ ಕತ್ತರಿಸ್ತೀನಿ. ಚೌಕಟ್ಟಿಗೆ ಪಾಲಿಷ್ ನಾನೇ ಮಾಡಿಸ್ತೀನಿ ಅಂದಿದೀನಿ. ಅಡ್ವಾನ್ಸ್ ವಿಷಯ ಇನ್ನೂ ಮಾತುಕತೆಯಲ್ಲಿದೆ.